ಬದಲಾದ ಎಂಜಿನ್, ಬದಲಾಗದ ತಪಾಸಣೆ

ಬೆಂಗಳೂರಿನ ಟ್ಯೂನಿಂಗ್ ಗ್ಯಾರೇಜುಗಳ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಹೆಡ್ ಪೋರ್ಟಿಂಗ್, ಟರ್ಬೊ ಕೂರಿಸುವುದು, ಇಸಿಯು (ಎಂಜಿನ್ನಿನ ಕಂಪ್ಯೂಟರ್) ರೀಮ್ಯಾಪ್ ಎಲ್ಲವನ್ನೂ ಇಲ್ಲಿನ ಹುಡುಗರು ಅಚ್ಚುಕಟ್ಟಾಗಿ ಮಾಡುತ್ತಾರೆ. ಆದರೆ ಕೂರಿಸುವ ಕೌಶಲ ಬೆಳೆದಷ್ಟು, ಕೆಟ್ಟಾಗ ಹುಡುಕುವ ಕೌಶಲ ಬೆಳೆದಿಲ್ಲ. ವೇರಿಯಬಲ್ ವಾಲ್ವ್ ಟೈಮಿಂಗ್‌ನ ತೊಂದರೆ ಬಂದಾಗ ಈ ಕೊರತೆ ಎದ್ದು ಕಾಣುತ್ತದೆ. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಸ್ಕ್ಯಾನರ್ ಹಾಕುತ್ತಾರೆ, ಪಿ0011 ಅಂತ ಬರುತ್ತದೆ, ಆಯಿಲ್ ಕಂಟ್ರೋಲ್ ವಾಲ್ವ್ ಬದಲಾಗುತ್ತದೆ. ದೀಪ ಮತ್ತೆ ಹತ್ತುತ್ತದೆ. ಕ್ಯಾಮ್ ಸೆನ್ಸರ್ ಬದಲಾಗುತ್ತದೆ. ಆಮೇಲೆ ಫೇಸರ್, ಆಮೇಲೆ ಟೈಮಿಂಗ್ ಚೈನ್ ಸೆಟ್. ಕೊನೆಗೆ ಸಾಫ್ಟ್‌ವೇರಿನಲ್ಲಿ ಆ ಕೋಡನ್ನೇ ಆಫ್ ಮಾಡಿ ಗಾಡಿಯ ಕೀ ಕೈಗಿಡುತ್ತಾರೆ. ಸ್ಟಾಕ್ ಎಂಜಿನ್ನಿಗೆ ಈ ಪದ್ಧತಿ ದುಬಾರಿ ಅಷ್ಟೇ. ಮಾಡಿಫೈ ಆದ ಎಂಜಿನ್ನಿಗೆ ಮಾತ್ರ ಇದು ಬುಡದಲ್ಲೇ ತಪ್ಪು. ಸ್ಟಾಕ್ ಎಂಜಿನ್ ಕೆಟ್ಟಿತೆಂದರೆ ಅದರಲ್ಲಿ ಏನೋ ಒಂದು ಹಾಳಾಗಿರುತ್ತದೆ. ಮಾಡಿಫೈ ಆದದ್ದರಲ್ಲಿ ಎಲ್ಲ ಭಾಗಗಳೂ ಚೆನ್ನಾಗಿದ್ದೇ ಒಂದಕ್ಕೊಂದು ಹೊಂದದೆ ಇರಬಹುದು. ಹಾಗಿದ್ದಾಗ ಯಾವ ಭಾಗ ಬದಲಿಸಿ ಏನು ಪ್ರಯೋಜನ?

ಕೆಲಸದ ರೀತಿ ಸ್ವಲ್ಪ ನೋಡೋಣ. ನಿಧಾನವಾಗಿ ಓಡುವ ಎಂಜಿನ್ನಿಗೆ ಬೇಕಾದ ವಾಲ್ವ್ ಟೈಮಿಂಗ್ ಬೇರೆ, ಆರು ಸಾವಿರ ಆರ್‌ಪಿಎಂನಲ್ಲಿ ಕೂಗುವ ಎಂಜಿನ್ನಿಗೆ ಬೇಕಾದ್ದು ಬೇರೆ. ಎರಡನ್ನೂ ಒಂದೇ ಎಂಜಿನ್ನಿನಲ್ಲಿ ಕೊಡುವ ಪ್ರಯತ್ನ ರಸ್ತೆಯ ಕಾರಿನಲ್ಲಿ ಮೊದಲು ಬಂದದ್ದು 1980ರಲ್ಲಿ, ಆಲ್ಫಾ ರೋಮಿಯೋದ ಸ್ಪೈಡರ್‌ನಲ್ಲಿ. 1989ರಲ್ಲಿ ಹೋಂಡಾ ಬೇರೆ ದಾರಿ ಹಿಡಿಯಿತು. ಇಂಟೆಗ್ರಾದ 1.6 ಲೀಟರ್ ಎಂಜಿನ್ನಿನ ಕ್ಯಾಮ್‌ನಲ್ಲಿ ಎರಡು ಬಗೆಯ ಲೋಬ್ ಇಟ್ಟು, ಆಯಿಲ್ ಪ್ರೆಶರ್‌ನಿಂದ ಒಂದು ಪಿನ್ ಸರಿಸಿ, ಸೌಮ್ಯ ಲೋಬ್‌ನಿಂದ ಉಗ್ರ ಲೋಬ್‌ಗೆ ಜಿಗಿಸಿತು. ಟರ್ಬೊ ಇಲ್ಲದೆ 160 ಅಶ್ವಶಕ್ತಿ ಬಂತು. ಅದೇ ವಿಟೆಕ್. ಇಂದು ನಮ್ಮ ರಸ್ತೆಯ ಸ್ವಿಫ್ಟ್, ಐ20ಗಳಲ್ಲಿರುವುದು ಮೊದಲ ದಾರಿಯ ಮುಂದುವರಿಕೆ: ಕ್ಯಾಮ್‌ನ ತುದಿಯ ಫೇಸರ್‌ನೊಳಗೆ ಆಯಿಲ್ ತುಂಬಿಸಿ, ಕ್ಯಾಮ್ ಅನ್ನು ಕೆಲವು ಡಿಗ್ರಿ ಹಿಂದೆ ಮುಂದೆ ತಿರುಗಿಸುವುದು. ಒಂದು ಜಿಗಿಯುತ್ತದೆ, ಇನ್ನೊಂದು ಜಾರುತ್ತದೆ. ಎರಡಕ್ಕೂ ಕೈಕಾಲು ಎಂದರೆ ಎಂಜಿನ್ ಆಯಿಲ್. ತಪಾಸಣೆ ಅಲ್ಲಿಂದ ಶುರುವಾಗಬೇಕು, ಆದರೆ ಶುರುವಾಗುವುದು ಸ್ಕ್ಯಾನರ್‌ನಿಂದ.

ಹಳೆಯ ಹೋಂಡಾ ಸಿಟಿ ವಿಟೆಕ್ ಅನ್ನೇ ತೆಗೆದುಕೊಳ್ಳಿ. 2000ದಲ್ಲಿ ಬಂದ, 106 ಅಶ್ವಶಕ್ತಿಯ ಆ ಕಾರನ್ನು ಇಂದಿಗೂ ಜತನದಿಂದ ಇಟ್ಟುಕೊಂಡವರು ಬೆಂಗಳೂರಿನಲ್ಲಿದ್ದಾರೆ. ಅಂಥ ಒಂದು ಗಾಡಿಯ ಹೆಡ್ ಕೆಲಸ ಆದಮೇಲೆ ವಿಟೆಕ್ ಹಿಡಿಯುತ್ತಿರಲಿಲ್ಲ. ನಿಂತ ಗಾಡಿಯಲ್ಲೇ ಆಕ್ಸಿಲರೇಟರ್ ಒತ್ತಿ, ಸದ್ದು ಬದಲಾಗಲಿಲ್ಲ ಅಂತ, ವಿಟೆಕ್‌ಗೆ ಆಯಿಲ್ ಬಿಡುವ ಸೊಲೆನಾಯ್ಡ್ ಸತ್ತಿದೆಯೆಂದು ತೀರ್ಮಾನಿಸಿದ್ದರು. ಶಿವಾಜಿನಗರದ ಗುಜರಿಯಿಂದ ತಂದ ಇನ್ನೊಂದು ಸೊಲೆನಾಯ್ಡ್ ಕೂಡ ಅದೇ ತೀರ್ಪಿಗೆ ಗುರಿಯಾಗಿತ್ತು. ಹೋಂಡಾದ ಇಸಿಯು ವಿಟೆಕ್ ಹಾಕಲು ಆರ್‌ಪಿಎಂ ಒಂದನ್ನೇ ನೋಡುವುದಿಲ್ಲ. ಎಂಜಿನ್ನಿನ ಲೋಡ್, ಕೂಲಂಟ್‌ನ ಬಿಸಿ, ಗಾಡಿಯ ವೇಗ ಎಲ್ಲವನ್ನೂ ನೋಡುತ್ತದೆ. ನಿಂತ ಗಾಡಿಯಲ್ಲಿ ಅದು ಹಿಡಿಯದಿದ್ದರೆ ಅದು ಕಾಯಿಲೆಯಲ್ಲ, ಆರೋಗ್ಯ. ಎಂಜಿನ್ ಸ್ವಾಪ್ ಮಾಡಿದವರು ಸ್ಪೀಡ್ ಸೆನ್ಸರ್‌ನ ಒಂದು ವೈರ್ ಬಿಟ್ಟುಬಿಟ್ಟರೆ, ಹೈವೇಯಲ್ಲಿ ಓಡುತ್ತಿದ್ದರೂ ಇಸಿಯು ಗಾಡಿ ನಿಂತಿದೆ ಎಂದೇ ತಿಳಿದಿರುತ್ತದೆ. ಅಲ್ಲಿ ವಿಟೆಕ್‌ನ ಒಂದು ಭಾಗವೂ ಕೆಟ್ಟಿರುವುದಿಲ್ಲ.

ಈ ಸಿಟಿಯಲ್ಲಿ ವೈರ್ ಸರಿಯಾಗಿತ್ತು. ಸೊಲೆನಾಯ್ಡಿನ ಓಮ್ ಅಳೆದಾಗ ಕೈಪಿಡಿಯ 14ರಿಂದ 30ರ ಮಿತಿಯೊಳಗೇ ಬಂತು. ಹನ್ನೆರಡು ವೋಲ್ಟ್ ನೇರವಾಗಿ ಕೊಟ್ಟರೆ ಟಕ್ ಅಂತ ಸದ್ದೂ ಮಾಡಿತು. ಮೂರು ಬೋಲ್ಟ್ ತೆಗೆದು ಸ್ಪೂಲ್ ವಾಲ್ವಿನ ಮನೆಯನ್ನು ಬಿಚ್ಚಿದಾಗ ಅದರ ಕೆಳಗಿನ ಗ್ಯಾಸ್ಕೆಟ್‌ನಲ್ಲಿರುವ ಪುಟ್ಟ ಜಾಲರಿ ಕಂಡಿತು. ಬೆರಳಿನ ಉಗುರಿನಷ್ಟೇ ಅಗಲದ ಆ ಬಲೆಯ ಮುಕ್ಕಾಲು ಭಾಗದಲ್ಲಿ ಬೂದು ಬಣ್ಣದ, ರಬ್ಬರಿನಂಥ ಚೂರುಗಳು ಸಿಕ್ಕಿಕೊಂಡಿದ್ದವು. ಉಗುರಿನಿಂದ ಕೆರೆದರೆ ದಾರದಂತೆ ಎಳೆದು ಬಂದವು. ಹೆಡ್ ಕೂರಿಸುವಾಗ ಸಿಲಿಕೋನ್ ಗಮ್ಮನ್ನು ಧಾರಾಳವಾಗಿ ಬಳಿದಿದ್ದರು. ಹೊರಗೆ ಚಿಮ್ಮಿದ್ದನ್ನು ಒರೆಸಿದ್ದರು, ಒಳಗೆ ಚಿಮ್ಮಿದ್ದು ಆಯಿಲ್ ಜತೆ ಹೊರಟು ಇಲ್ಲಿ ಬಂದು ನಿಂತಿತ್ತು. ಪ್ರೆಶರ್ ಸ್ವಿಚ್‌ನ ಜಾಗದಲ್ಲಿ ಒಂದು ಸಾದಾ ಆಯಿಲ್ ಗೇಜ್ ಹಾಕಿದ್ದರೆ ಇದು ಮೊದಲ ಅರ್ಧ ಗಂಟೆಯಲ್ಲೇ ತಿಳಿಯುತ್ತಿತ್ತು. ಸೊಲೆನಾಯ್ಡ್ ತೆರೆದು ಆರ್‌ಪಿಎಂ ಏರಿಸಿದಾಗ ಅಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 4 ಕೆ.ಜಿ. ಒತ್ತಡ ಕಾಣಬೇಕು. ಕಾಣದಿದ್ದರೆ ಹುಡುಕಬೇಕಾದ್ದು ದಾರಿಯಲ್ಲಿ, ಕರೆಂಟಿನಲ್ಲಲ್ಲ. ಆ ಗೇಜ್ ಜೆ.ಸಿ. ರಸ್ತೆಯಲ್ಲಿ ಸಿಗುವ ಸಾಧಾರಣ ವಸ್ತು. ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಅದಿರುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ವಿಟೆಕ್ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಇದು ಅಭಿಮಾನಿಗಳಿಗೆ ಹಿಡಿಸಲಿಕ್ಕಿಲ್ಲ. ರೀಮ್ಯಾಪ್ ಮಾಡಿಸುವವರು ಕೇಳುವುದು ‘ಕಿಕ್’. ಜಿಗಿತದ ಆರ್‌ಪಿಎಂ ಬದಲಿಸಿ, ಬೆನ್ನಿಗೆ ಒದ್ದಂತಾಗುವ ಹಾಗೆ ಮಾಡಿಕೊಡುತ್ತಾರೆ. ಎರಡು ಲೋಬ್‌ಗಳ ಟಾರ್ಕ್ ಸಮನಾಗುವ ಬಿಂದುವಿನಲ್ಲಿ ಬದಲಾವಣೆ ಆದರೆ ಒದೆ ಗೊತ್ತೇ ಆಗಬಾರದು. ಗೊತ್ತಾಯಿತೆಂದರೆ ಉಗ್ರ ಲೋಬ್ ತಡವಾಗಿ ಬಂತು, ಅಷ್ಟು ಹೊತ್ತು ಟಾರ್ಕ್ ನಷ್ಟವಾಯಿತು ಎಂದರ್ಥ. ಆ ಬಿಂದುವನ್ನು ತೀರಾ ಕೆಳಗಿಳಿಸಿದರೆ ಬೇರೆಯೇ ತೊಂದರೆ: ಬಿಸಿಯಾದ ಆಯಿಲ್‌ನ ಒತ್ತಡ ಆ ಆರ್‌ಪಿಎಂನಲ್ಲಿ ಸಾಲದೆ ಪಿನ್ ಅರ್ಧ ಹಿಡಿದು ಬಿಡುತ್ತದೆ, ಪ್ರೆಶರ್ ಸ್ವಿಚ್ ದೂರು ಕೊಡುತ್ತದೆ, ದೀಪ ಹತ್ತುತ್ತದೆ. ಆಗ ಸ್ವಿಚ್ ಬದಲಾಗುತ್ತದೆ! ಮ್ಯಾಪಿನ ತಪ್ಪಿಗೆ ಸ್ವಿಚ್ ದಂಡ ತೆರುತ್ತದೆ.

ಫೇಸರ್ ಇರುವ ಎಂಜಿನ್ನಿನಲ್ಲಿ ವಿಷಯ ಇನ್ನೂ ಸೂಕ್ಷ್ಮ. ಪಿ0011 ಬಂದರೆ ಕ್ಯಾಮ್ ಇರಬೇಕಾದ್ದಕ್ಕಿಂತ ಮುಂದಿದೆ ಎಂದರ್ಥ. ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಹೇಳಿಕೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದರ್ಥ. ಎರಡರಲ್ಲೂ ಯಾವ ಭಾಗದ ಹೆಸರೂ ಇಲ್ಲ. ಇಸಿಯು ನಂಬಿದ್ದಕ್ಕೂ ಕಂಡದ್ದಕ್ಕೂ ನಡುವಿನ ಅಂತರವನ್ನಷ್ಟೇ ಕೋಡ್ ಹೇಳುತ್ತದೆ. ಇಸಿಯುವಿನ ನಂಬಿಕೆ ಕಾರ್ಖಾನೆಯ ಎಂಜಿನ್ನಿನದು. ಆ ಎಂಜಿನ್ನನ್ನು ನಾವೇ ಬದಲಿಸಿದ್ದೇವೆ.

ಹೇಗೆ ಬದಲಿಸಿದ್ದೇವೆ ಎಂದರೆ, ಹೆಡ್ ಫೇಸಿಂಗ್ ಮಾಡಿಸುತ್ತೇವೆ. ಅರ್ಧ ಮಿಲಿಮೀಟರ್ ತೆಗೆದರೆ ಕ್ರ್ಯಾಂಕ್‌ಗೂ ಕ್ಯಾಮ್‌ಗೂ ನಡುವಿನ ದೂರ ಅಷ್ಟು ಕಡಿಮೆಯಾಗಿ, ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ ಕ್ಯಾಮ್ ಹಿಂದೆ ಬೀಳುತ್ತದೆ. ಒಂದು ಡಿಗ್ರಿ ದೊಡ್ಡದಲ್ಲ. ಆದರೆ ಲಕ್ಷ ಕಿಲೋಮೀಟರ್ ಓಡಿದ ಚೈನ್ ಹಿಗ್ಗಿದಾಗಲೂ ಕ್ಯಾಮ್ ಅದೇ ದಿಕ್ಕಿಗೆ, ಹಿಂದಕ್ಕೇ ಬೀಳುತ್ತದೆ. ಎರಡೂ ಕೂಡಿಕೊಳ್ಳುತ್ತವೆ. ಅದರ ಮೇಲೆ ಸೆಟ್ಟಿಂಗ್ ಬದಲಿಸಬಹುದಾದ ಕ್ಯಾಮ್ ಗೇರ್ ಹಾಕಿ ಇನ್ನೆರಡು ಡಿಗ್ರಿ ತಿರುಗಿಸಿದರೆ ಇಸಿಯು ಗಾಬರಿಯಾಗುವುದು ನ್ಯಾಯವೇ. ಡಿಸ್ಟ್ರಿಬ್ಯೂಟರ್ ಕ್ಯಾಮ್‌ನಿಂದಲೇ ತಿರುಗುವ ಹಳೆಯ ಎಂಜಿನ್ನುಗಳಲ್ಲಂತೂ ಕ್ಯಾಮ್ ಗೇರ್ ಮುಟ್ಟಿದರೆ ಇಗ್ನಿಷನ್ ಟೈಮಿಂಗೂ ಸರಿಯುತ್ತದೆ. ಪಿಕಪ್ ಬಂದದ್ದು ಯಾವುದರಿಂದ, ಹೋದದ್ದು ಯಾವುದರಿಂದ ಎಂದು ಹೇಳಲು ಯಾರಿಗೂ ಆಗುವುದಿಲ್ಲ. ರೀಗ್ರೈಂಡ್ ಮಾಡಿದ ಕ್ಯಾಮ್, ಬಿಗಿ ಸ್ಪ್ರಿಂಗುಗಳು ಬಂದಾಗ ಕ್ಯಾಮ್ ತಿರುಗಿಸಲು ಬೇಕಾದ ಬಲ ಹೆಚ್ಚುತ್ತದೆ. ಫೇಸರ್ ಗುರಿ ಮುಟ್ಟಲಾಗದೆ ಅತ್ತಿತ್ತ ಓಲಾಡುತ್ತದೆ. ಟರ್ಬೊಗೆ ಆಯಿಲ್ ಬೇಕೆಂದು ಪ್ರೆಶರ್ ಸ್ವಿಚ್‌ನ ಜಾಗದಲ್ಲೇ ಟೀ ಹಾಕಿ, ನಡುವೆ ರೆಸ್ಟ್ರಿಕ್ಟರ್ ಇಡದೆ ಲೈನ್ ಎಳೆದರೆ, ಐಡ್ಲಿಂಗ್‌ನಲ್ಲಿ ಫೇಸರ್‌ಗೆ ಉಳಿಯುವ ಒತ್ತಡ ಇನ್ನಷ್ಟು ತೆಳ್ಳಗಾಗುತ್ತದೆ.

ದಪ್ಪ ಆಯಿಲ್‌ನ ಅಭ್ಯಾಸವನ್ನು ಇಲ್ಲಿ ಪ್ರತ್ಯೇಕವಾಗಿ ಟೀಕಿಸಬೇಕು. ‘ನಮ್ಮ ಬಿಸಿಲಿಗೆ, ಟರ್ಬೊ ಬೇರೆ ಹಾಕಿದೆ, 20ಡಬ್ಲ್ಯೂ-50 ಹಾಕಿಬಿಡಿ ಸರ್’ ಎನ್ನುವ ಮಾತು ಅಂಬಾಸಿಡರ್ ಕಾಲದಿಂದ ಬಂದದ್ದು. ಆ ಎಂಜಿನ್ನಿನಲ್ಲಿ ಆಯಿಲ್‌ನ ಕೆಲಸ ಬೇರಿಂಗ್ ಕಾಯುವುದಷ್ಟೇ ಆಗಿತ್ತು. ಇಂದು ಅದೇ ಆಯಿಲ್ ಸೂಜಿಯಷ್ಟು ಸಣ್ಣ ದಾರಿಯಲ್ಲಿ ಹರಿದು, ಕ್ಷಣಾರ್ಧದಲ್ಲಿ ಕ್ಯಾಮ್ ತಿರುಗಿಸಬೇಕು. ಬೆಳಗಿನ ತಂಪಿನಲ್ಲಿ ಸ್ಟಾರ್ಟ್ ಮಾಡಿದಾಗ ಮಾತ್ರ ಪಿ0011 ಅಥವಾ ಪಿ0012 (ಕ್ಯಾಮ್ ಹಿಂದೆ ಬಿದ್ದಿದೆ ಎಂಬ ಕೋಡ್) ಬಂದು, ಎಂಜಿನ್ ಬಿಸಿಯಾದ ಮೇಲೆ ಮಾಯವಾಗುವ ಗಾಡಿಗಳಲ್ಲಿ ನಾನು ಮೊದಲು ಕೇಳುವುದು ಯಾವ ಆಯಿಲ್ ಹಾಕಿದ್ದೀರಿ ಎಂದು. ಟರ್ಬೊಗೆ ಹೆಚ್ಚು ತಾಳಿಕೆಯ ಆಯಿಲ್ ಬೇಕೆನ್ನುವುದು ನಿಜ. ಅದಕ್ಕೆ ಒಳ್ಳೆಯ ಸಿಂಥೆಟಿಕ್ ಮತ್ತು ಆಯಿಲ್ ಕೂಲರ್ ಉತ್ತರ, ಎರಡು ಪಟ್ಟು ದಪ್ಪ ಉತ್ತರವಲ್ಲ.

ಕೋಡ್ ಆಫ್ ಮಾಡುವುದರ ಬಗ್ಗೆ ನನಗೆ ಮೃದುವಾಗಿ ಬರೆಯಲು ಆಗುವುದಿಲ್ಲ. ದೊಡ್ಡ ಕ್ಯಾಮ್ ಹಾಕಿದ ಎಂಜಿನ್ನಿನಲ್ಲಿ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗ ಮೊದಲೇ ಕಿರಿದಾಗಿರುತ್ತದೆ. ಇನ್‌ಟೇಕ್ ಕ್ಯಾಮ್ ಮುಂದಕ್ಕೆ ಹೋದಷ್ಟೂ ಅದು ಇನ್ನಷ್ಟು ಕಿರಿದಾಗುತ್ತದೆ. ಹೋಂಡಾದ ಕೆ20ಎ ಎಂಜಿನ್ನಿನ ಇನ್‌ಟೇಕ್ ಕ್ಯಾಮ್ ಕ್ರ್ಯಾಂಕ್ ಲೆಕ್ಕದಲ್ಲಿ 50 ಡಿಗ್ರಿಯವರೆಗೆ ಸರಿಯಬಲ್ಲದು. ರೇಸ್ ಕ್ಯಾಮ್ ಹಾಕುವ ಜಪಾನ್, ಅಮೆರಿಕಾದ ಟ್ಯೂನರ್‌ಗಳು ಫೇಸರ್‌ನೊಳಗೇ ತಡೆ ಇಟ್ಟು ಆ ಓಟವನ್ನು ಕಡಿಮೆ ಮಾಡುವುದು ಇದೇ ಕಾರಣಕ್ಕೆ. ಸಾಫ್ಟ್‌ವೇರಿನಲ್ಲಿ ಮಿತಿ ಹಾಕಿದರೆ ಸಾಲದು. ಆಯಿಲ್ ವಾಲ್ವ್ ಒಮ್ಮೆ ಕಸ ಹಿಡಿದು ಸಿಕ್ಕಿಕೊಂಡರೆ ಕ್ಯಾಮ್ ತುದಿಯವರೆಗೂ ಹೋಗುತ್ತದೆ. ಅಂಥ ಎಂಜಿನ್ನಿನಲ್ಲಿ ‘ಕ್ಯಾಮ್ ತೀರಾ ಮುಂದಿದೆ’ ಎಂಬ ಎಚ್ಚರಿಕೆಯನ್ನು ಅಳಿಸುವವರು ಮಾಲೀಕನಿಗೆ ಏನು ಮಾಡಿದ್ದೇವೆಂದು ಹೇಳುವುದೂ ಇಲ್ಲ. ಬಾಗಿದ ವಾಲ್ವುಗಳ ಖರ್ಚು ಬರುವುದು ಆಮೇಲೆ, ಬೇರೆ ಗ್ಯಾರೇಜಿನಲ್ಲಿ.

ಕಾರ್ಖಾನೆಯ ಸರ್ವಿಸ್ ಕೈಪಿಡಿಯನ್ನು ಓದಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಅದರ ಕ್ರಮಕ್ಕೆ ನನ್ನ ಪೂರ್ತಿ ಗೌರವವಿದೆ. ಐಡ್ಲಿಂಗ್‌ನಲ್ಲಿ ಆಯಿಲ್ ಕಂಟ್ರೋಲ್ ವಾಲ್ವಿಗೆ ನೇರ ಬ್ಯಾಟರಿ ಕರೆಂಟ್ ಕೊಡಿ, ಎಂಜಿನ್ ಒರಟಾಗಿ ಓಡಬೇಕು ಅಥವಾ ಆರಬೇಕು ಎನ್ನುವಂಥ ಪರೀಕ್ಷೆ ಎಷ್ಟು ಸೊಗಸು ನೋಡಿ: ಎಂಜಿನ್ ಆರಿತೆಂದರೆ ವಾಲ್ವ್, ಆಯಿಲ್ ದಾರಿ, ಫೇಸರ್ ಮೂರೂ ಕೆಲಸ ಮಾಡುತ್ತಿವೆ ಎಂದು ಒಂದೇ ಏಟಿಗೆ ತಿಳಿಯುತ್ತದೆ. ಆದರೆ ಕೈಪಿಡಿಯ ಕೊನೆಯ ಸಾಲು ಬಹುಪಾಲು ‘ಒಳ್ಳೆಯದೆಂದು ಗೊತ್ತಿರುವ ಭಾಗ ಹಾಕಿ ನೋಡಿ’ ಎನ್ನುತ್ತದೆ. ಸ್ಟಾಕ್ ಗಾಡಿಗೆ ಅದು ಸರಿ. ಮಾಡಿಫೈ ಆದ ಎಂಜಿನ್ನಿಗೆ ಬೇಕಾದ್ದು ಒಳ್ಳೆಯದೆಂದು ಗೊತ್ತಿರುವ ಅಳತೆ: ಮೊದಲ ಸಿಲಿಂಡರಿನ ಟಿಡಿಸಿಯನ್ನು (ಪಿಸ್ಟನ್ ತೀರಾ ಮೇಲೆ ತಲುಪುವ ಬಿಂದುವನ್ನು) ಪುಲ್ಲಿಯ ಗುರುತು ನಂಬದೆ ಡಯಲ್ ಗೇಜಿನಿಂದ ಹಿಡಿಯುವುದು, ಡಿಗ್ರಿ ವೀಲ್ ಹಾಕಿ ಕ್ಯಾಮ್ ನಿಜವಾಗಿ ಎಲ್ಲಿದೆ ಎಂದು ನೋಡುವುದು, ಆಸಿಲ್ಲೋಸ್ಕೋಪಿನಲ್ಲಿ ಕ್ರ್ಯಾಂಕ್ ಮತ್ತು ಕ್ಯಾಮ್ ಸಿಗ್ನಲ್‌ಗಳನ್ನು ಒಂದರ ಮೇಲೊಂದು ಇಟ್ಟು, ಎಂಜಿನ್ ಕಟ್ಟಿದ ದಿನವೇ ಆ ಚಿತ್ರವನ್ನು ಉಳಿಸಿಕೊಳ್ಳುವುದು. ಆರು ತಿಂಗಳ ನಂತರ ದೀಪ ಹತ್ತಿದರೆ ಹೋಲಿಸಲು ಏನಾದರೂ ಇರುತ್ತದೆ.

ಇದನ್ನೆಲ್ಲ ಬರೆದಿಡುವವರು ಏಕೆ ವಿರಳ? ಸೋಮಾರಿತನ ಒಂದೇ ಕಾರಣವಲ್ಲ. ಆರ್‌ಸಿಯ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಅರ್ಥೈಸಿತು. ರಸ್ತೆಯ ಸುರಕ್ಷತೆಗೆ ಅಂಥ ಕಾನೂನು ಬೇಕು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಅದರ ಅಂಜಿಕೆಯಿಂದ ಕಾನೂನು ಮುಟ್ಟದ ಕೆಲಸವೂ ಬಿಲ್ಲಿನಲ್ಲಿ ‘ಜನರಲ್ ಸರ್ವಿಸ್’ ಎಂದಾಗುತ್ತದೆ. ಹೆಡ್‌ನಿಂದ ಎಷ್ಟು ತೆಗೆದರು, ಯಾವ ಕ್ಯಾಮ್, ಯಾವ ಸ್ಪ್ರಿಂಗ್ ಎಂಬುದೆಲ್ಲ ಒಬ್ಬ ಮೇಸ್ತ್ರಿಯ ನೆನಪಿನಲ್ಲಷ್ಟೇ ಉಳಿಯುತ್ತದೆ. ಆತ ಗ್ಯಾರೇಜ್ ಬದಲಿಸಿದರೆ ಎಂಜಿನ್ನಿನ ಚರಿತ್ರೆಯೂ ಜತೆಗೇ ಹೋಗುತ್ತದೆ. ಮುಂದಿನ ಮೆಕ್ಯಾನಿಕ್ ಕುರುಡನಂತೆ ಭಾಗ ಬದಲಿಸುತ್ತಾನೆಂದು ಅವನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಟ್ರ್ಯಾಕ್‌ಗೆ ಗಾಡಿ ಕಟ್ಟುವ ತಂಡಗಳಲ್ಲಿ ಈ ಅಂಜಿಕೆ ಇಲ್ಲ. ಅಲ್ಲಿ ಪ್ರತಿ ಎಂಜಿನ್ನಿಗೂ ಒಂದು ಪುಸ್ತಕವಿರುತ್ತದೆ, ಅಲ್ಲಿ ತೊಂದರೆ ಸಿಗುವುದೂ ಬೇಗ.

ರಸ್ತೆಯ ಗಾಡಿಗಳಿಗೆ ಆ ಪುಸ್ತಕದ ಬದಲು ಸಿಗುವುದು ಡೈನೊ ಶೀಟ್. ಅದರಲ್ಲಿ ಎರಡು ಗೆರೆ, ಅಶ್ವಶಕ್ತಿ ಮತ್ತು ಟಾರ್ಕ್. ಅದೇ ಓಟದಲ್ಲಿ ಸ್ಕ್ಯಾನರ್‌ನ ಲೈವ್ ಡೇಟಾ ದಾಖಲಿಸಿದರೆ ಕ್ಯಾಮ್‌ನ ಗುರಿ ಡಿಗ್ರಿ ಮತ್ತು ನಿಜ ಡಿಗ್ರಿ ಎರಡೂ ಸಿಗುತ್ತವೆ. ಒಂದು ಗೇಜ್ ಸೇರಿಸಿದರೆ ಬಿಸಿ ಆಯಿಲ್‌ನ ಒತ್ತಡವೂ ಸಿಗುತ್ತದೆ. ಗುರಿಯ ಗೆರೆಯನ್ನು ನಿಜದ ಗೆರೆ ಬಿಡದೆ ಹಿಂಬಾಲಿಸಿದೆಯೇ, ಎಲ್ಲಿ ಹಿಂದೆ ಬಿತ್ತು, ಅಲ್ಲಿ ಒತ್ತಡ ಎಷ್ಟಿತ್ತು ಎಂಬುದು ಒಂದೇ ಹಾಳೆಯಲ್ಲಿ ಕಾಣುತ್ತದೆ. ಕೀ ವಾಪಸ್ ಪಡೆಯುವ ಮೊದಲು ಗ್ರಾಹಕರು ಕೇಳಿ ಪಡೆಯಬೇಕಾದ ಹಾಳೆ ಅದು. ಕೊಡಲಾಗುವುದಿಲ್ಲ ಎನ್ನುವ ಟ್ಯೂನರ್‌ಗೆ, ಅವರ ಅಶ್ವಶಕ್ತಿಯ ಅಂಕಿ ಎಷ್ಟೇ ದೊಡ್ಡದಿದ್ದರೂ, ನಾನು ಎಂಜಿನ್ ಒಪ್ಪಿಸುವುದಿಲ್ಲ.