ಖಾಲಿ ಊರಿನ ಬೆಲೆ

2025ರ ಜೂನ್ 12ರಂದು ನ್ಯೂಜಿಲೆಂಡಿನ ಫಿನ್ ಅಲೆನ್ ಒಂದೇ ಇನಿಂಗ್ಸಿನಲ್ಲಿ 19 ಸಿಕ್ಸರ್ ಬಾರಿಸಿದರು. 51 ಎಸೆತಕ್ಕೆ 151 ರನ್. ಟಿ20ಯಲ್ಲಿ ಒಬ್ಬ ಬ್ಯಾಟರ್ ಅಷ್ಟು ಸಿಕ್ಸರ್ ಎತ್ತಿದ್ದು ಅದೇ ಮೊದಲು. ದಾಖಲೆಯ ಸುದ್ದಿ ನಮ್ಮಲ್ಲೂ ಓಡಾಡಿತು, ಅದು ನಡೆದ ಮೈದಾನದ ಬಗ್ಗೆ ಮಾತ್ರ ಹೆಚ್ಚು ಮಾತು ಬರಲಿಲ್ಲ. ಅಮೆರಿಕದ ಮೇಜರ್ ಲೀಗ್ ಕ್ರಿಕೆಟ್ ಆ ವರ್ಷದ ಆಟ ಶುರು ಮಾಡಿದ್ದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕೊಲಿಸಿಯಂನಲ್ಲಿ. ಹಿಂದಿನ ಸೆಪ್ಟೆಂಬರಿನವರೆಗೂ ಅದು ಬೇಸ್‌ಬಾಲ್ ಮೈದಾನ. 57 ಋತು ಅಲ್ಲಿ ಆಡಿದ ತಂಡ ಗಂಟುಮೂಟೆ ಕಟ್ಟಿಕೊಂಡು ಹೋಗಿತ್ತು. ಬೇಸ್‌ಬಾಲಿನ ಜಾಗ ಖಾಲಿಯಾಗಿತ್ತು, ಕ್ರಿಕೆಟ್ ಬಾಡಿಗೆಗೆ ಬಂತು. ಫ್ರೀಮಾಂಟ್ ಕಡೆಯ ಕನ್ನಡದವರಿಗೆ ಬಾರ್ಟ್ ರೈಲು ಹತ್ತಿ ಕೊಲಿಸಿಯಂ ನಿಲ್ದಾಣದಲ್ಲಿ ಇಳಿದರೆ ಆಯಿತು, ಅಲ್ಲಿಂದಲೇ ಮೈದಾನಕ್ಕೆ ಕಾಲುಸೇತುವೆ. ಆ ದಿನ ಅಲೆನ್ ಆಡಿದ ತಂಡದ ಹೆಸರು ಸ್ಯಾನ್ ಫ್ರಾನ್ಸಿಸ್ಕೊ ಯೂನಿಕಾರ್ನ್ಸ್. ನೆಲ ಓಕ್ಲೆಂಡಿನದು, ಹೆಸರು ಕೊಲ್ಲಿಯಾಚೆಯ ಊರಿನದು. ಈ ಊರಿನ ಹಣೆಬರಹವೇ ಅಷ್ಟು.

ಈ ಅಂಕಣ ಓದುವವರಿಗೆ ನನ್ನ ಬೇಸ್‌ಬಾಲ್ ಹುಚ್ಚು ಹೊಸದಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ರಾತ್ರಿ ಪಂದ್ಯ ನಮ್ಮಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಶುರುವಾಗುತ್ತದೆ, ಹಾಗಾಗಿ ನಿದ್ದೆಗೆಡುವ ತಾಪತ್ರಯವಿಲ್ಲದ ಹುಚ್ಚು ಇದು. ಓಕ್ಲೆಂಡ್ ಬಿಟ್ಟುಹೋದ ಆ ತಂಡದ ಹೆಸರು ಅಥ್ಲೆಟಿಕ್ಸ್. 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, 1955ರಲ್ಲಿ ಕನ್ಸಾಸ್ ಸಿಟಿಗೆ ಹೋಗಿ, 1968ರಲ್ಲಿ ಓಕ್ಲೆಂಡಿಗೆ ಬಂದದ್ದು. 1972ರಿಂದ ಸತತ ಮೂರು ಸಲ ಬೇಸ್‌ಬಾಲಿನ ಅತಿ ದೊಡ್ಡ ಪ್ರಶಸ್ತಿಯಾದ ವರ್ಲ್ಡ್ ಸೀರೀಸ್ ಗೆದ್ದಿತು, 1989ರಲ್ಲಿ ಇನ್ನೊಂದು. 2002ರಲ್ಲಿ ಇದೇ ತಂಡ ಚಿಲ್ಲರೆ ಕಾಸಿನಲ್ಲಿ ಆಟಗಾರರನ್ನು ಕಟ್ಟಿಕೊಂಡು ಸತತ 20 ಪಂದ್ಯ ಗೆದ್ದ ಕತೆ ‘ಮನಿಬಾಲ್’ ಸಿನಿಮಾ ಆಯಿತು. ಆದರೆ ನನಗೆ ಆ ಮೈದಾನದಲ್ಲಿ ರುಚಿ ಹತ್ತಿಸಿದ್ದು ಅದರ ಫೌಲ್ ಜಾಗ. ಗೆರೆಯಾಚೆ ಅಷ್ಟು ವಿಶಾಲವಾದ ಬಯಲು ಬೇರಾವ ಮೇಜರ್ ಲೀಗ್ ಬೇಸ್‌ಬಾಲ್ ಮೈದಾನದಲ್ಲೂ ಇರಲಿಲ್ಲ. ಬೇರೆ ಕಡೆ ಪ್ರೇಕ್ಷಕರ ಮಡಿಲಿಗೆ ಬೀಳುವ ಚೆಂಡು ಇಲ್ಲಿ ಫೀಲ್ಡರನ ಕೈಗೆ ಸಿಗುತ್ತಿತ್ತು. ಬ್ಯಾಟರ್‌ಗಳಿಗೆ ಅದನ್ನು ಕಂಡರೆ ಕೋಪ, ಪಿಚರ್‌ಗಳಿಗೆ ಪ್ರೀತಿ. ಪಿಚಿಂಗ್ ಮೆಚ್ಚುವ ನನ್ನಂಥವನಿಗಂತೂ ಅದು ಹಬ್ಬ.

1995ರವರೆಗೆ ಆ ಮೈದಾನದ ಹಿಂಬದಿ ತೆರೆದಿತ್ತು. ಔಟ್‌ಫೀಲ್ಡಿನಾಚೆ ಓಕ್ಲೆಂಡಿನ ಬೆಟ್ಟಸಾಲು ಕಾಣುತ್ತಿತ್ತು. ಆ ವರ್ಷ ರೇಡರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಊರಿಗೆ ವಾಪಸು ಬಂತು. 1982ರಲ್ಲಿ ಲಾಸ್ ಏಂಜಲಿಸ್ ಹೆಚ್ಚು ಕೊಡುತ್ತದೆಂದು ಓಡಿಹೋಗಿದ್ದ ತಂಡವೇ ಅದು. ಅದನ್ನು ಒಲಿಸಿಕೊಳ್ಳಲು ಓಕ್ಲೆಂಡ್ ನಗರ ಮತ್ತು ಅಲಮೇಡ ಕೌಂಟಿ ಸೇರಿ ಸುಮಾರು 20 ಕೋಟಿ ಡಾಲರ್ ಸಾಲ ಎತ್ತಿದವು. ಆ ದುಡ್ಡಿನಲ್ಲಿ ಔಟ್‌ಫೀಲ್ಡಿನ ಹಿಂದೆ ಆಸನಗಳ ಒಂದು ದೈತ್ಯ ಗೋಡೆ ಎದ್ದಿತು. ಬೆಟ್ಟ ಮರೆಯಾಯಿತು. ರೇಡರ್ಸ್ ಮಾಲೀಕ ಅಲ್ ಡೇವಿಸ್ ಅವರ ಹೆಸರಿನಲ್ಲಿ ಜನ ಅದನ್ನು ‘ಮೌಂಟ್ ಡೇವಿಸ್’ ಎಂದು ಕರೆದರು. ಅಲ್ಲಿ ಕೂತವರಿಗೆ ಬೇಸ್‌ಬಾಲ್ ಕಾಣುವುದೇ ಕಷ್ಟ. 2006ರಿಂದ ಅಥ್ಲೆಟಿಕ್ಸ್ ಆ ಮೇಲಂತಸ್ತಿಗೆ ಟಾರ್ಪಾಲು ಹೊದಿಸಿಬಿಟ್ಟಿತು. ಸಾಲ ತೀರಿಸಲು ಆಸನದ ಹಕ್ಕುಪತ್ರ ಮಾರಿ ಹಣ ಎತ್ತುವ ಲೆಕ್ಕಾಚಾರ ಇತ್ತು. ಅದು ಕೈಕೊಟ್ಟಿತು, ಕಂತು ಜನರ ತಲೆಯ ಮೇಲೆ ಬಿತ್ತು. 2020ರಲ್ಲಿ ರೇಡರ್ಸ್ ಮತ್ತೆ ಹೊರಟಿತು, ಈ ಸಲ ಲಾಸ್ ವೇಗಸ್‌ಗೆ. ಅಲ್ಲಿ ನೆವಾಡ ರಾಜ್ಯ ಹೋಟೆಲ್ ಕೋಣೆಗಳ ಮೇಲೆ ತೆರಿಗೆ ಹಾಕಿ 75 ಕೋಟಿ ಡಾಲರ್ ಕೊಟ್ಟಿತ್ತು. ತಂಡ ಹೋದ ಮೇಲೂ ಓಕ್ಲೆಂಡ್ ಕಂತು ಕಟ್ಟುತ್ತಲೇ ಇತ್ತು. ಹೆಂಡತಿ ಬಿಟ್ಟುಹೋದ ಮೇಲೂ ಮದುವೆ ಸಾಲ ತೀರಿಸುವವನ ಪಾಡು.

ಅಥ್ಲೆಟಿಕ್ಸ್ ಮಾಲೀಕ ಜಾನ್ ಫಿಶರ್ ಹೊಸ ಸ್ಟೇಡಿಯಂ ಕೇಳಿದಾಗ ಓಕ್ಲೆಂಡ್ ಯಾಕೆ ಕೈ ಬಿಗಿ ಹಿಡಿಯಿತು ಎಂದು ಕೇಳುವವರು ಮೊದಲು ಆ ಟಾರ್ಪಾಲನ್ನು ನೆನೆಯಬೇಕು. ಹಾಗಂತ ಊರು ಬಾಗಿಲು ಹಾಕಿಕೊಂಡಿರಲೂ ಇಲ್ಲ. ಬಂದರಿನ ದಂಡೆಯ ಹವರ್ಡ್ ಟರ್ಮಿನಲ್‌ನಲ್ಲಿ ಜಾಗ ಗೊತ್ತುಮಾಡಿ, ರಸ್ತೆ ಸೇತುವೆಗೆ ಅನುದಾನ ಕೂಡಿಸುತ್ತಿದ್ದಾಗಲೇ 2023ರ ಏಪ್ರಿಲ್‌ನಲ್ಲಿ ತಂಡ ಲಾಸ್ ವೇಗಸ್‌ನಲ್ಲಿ ಜಮೀನಿಗೆ ಒಪ್ಪಂದ ಮಾಡಿಕೊಂಡ ಸುದ್ದಿ ಬಂತು. ಅದಕ್ಕೂ ಮೊದಲೇ ಒಳ್ಳೆಯ ಆಟಗಾರರನ್ನೆಲ್ಲ ಮಾರಿ, ಟಿಕೆಟ್ ದರ ಏರಿಸಿ ಆಗಿತ್ತು. ಕೊಳಚೆ ನೀರು ಉಕ್ಕುವ, ಪ್ರಸಾರಕರ ಕೋಣೆಗೆ ಪಾಸಮ್ ಎಂಬ ಪ್ರಾಣಿ ಸೇರಿಕೊಳ್ಳುವ ಕಟ್ಟಡ ಹಾಗೆಯೇ ಉಳಿದಿತ್ತು. ಆ ವರ್ಷ 162ರಲ್ಲಿ 112 ಪಂದ್ಯ ಸೋತರು. ಮೈದಾನಕ್ಕೆ ಜನ ಬರುವುದಿಲ್ಲ ಎಂಬುದು ಊರು ಬಿಡಲು ಕೊಟ್ಟ ನೆಪ.

ಅದಕ್ಕೆ ಅಭಿಮಾನಿಗಳು ಕೊಟ್ಟ ಉತ್ತರ ನಾನು ನೋಡಿದ ಕ್ರೀಡಾ ಪ್ರತಿಭಟನೆಗಳಲ್ಲೇ ಚಂದದ್ದು. ಸಿಟ್ಟಾದವರು ಬಹಿಷ್ಕಾರ ಹಾಕುವುದು ವಾಡಿಕೆ. ಇವರು ಉಲ್ಟಾ ಮಾಡಿದರು: ಜೂನ್ 13ರ ಮಂಗಳವಾರದ ಪಂದ್ಯಕ್ಕೆ ಎಲ್ಲರೂ ಬನ್ನಿ ಎಂದು ಕರೆ ಕೊಟ್ಟರು. 27,759 ಜನ ಬಂದರು. ‘ಮಾರು’ ಎಂಬರ್ಥದ ಒಂದೇ ಪದ ಅಚ್ಚಾದ ಹಸಿರು ಟೀ ಶರ್ಟುಗಳನ್ನು ಪುಕ್ಕಟೆ ಹಂಚಿದರು. ಐದನೇ ಇನಿಂಗ್ಸ್ ಶುರುವಾದಾಗ ಮೊದಲ ಬ್ಯಾಟರ್ ಆಡಿ ಮುಗಿಯುವವರೆಗೆ ಇಡೀ ಮೈದಾನ ಬಾಯಿ ಮುಚ್ಚಿ ಕೂತಿತು. ಎರಡನೆಯವನು ಬಂದನೋ ಇಲ್ಲವೋ, ತಂಡ ಮಾರು ಎಂಬ ಕೂಗು ಶುರುವಾಯಿತು. ಲೀಗಿನಲ್ಲೇ ಕೊನೆಯಲ್ಲಿದ್ದ ತಂಡ ಅವತ್ತು ಬಲಿಷ್ಠ ಟ್ಯಾಂಪಾ ಬೇ ರೇಸ್ ವಿರುದ್ಧ 2-1ರಿಂದ ಗೆದ್ದಿತು, ಅದೂ ಸತತ ಏಳನೇ ಗೆಲುವು. ಅದೇ ದಿನ ನೆವಾಡದ ಸೆನೆಟ್ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಎರಡು ದಿನಕ್ಕೆ ರಾಜ್ಯಪಾಲರ ಸಹಿಯೂ ಬಿತ್ತು. ಬೇಸ್‌ಬಾಲ್ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಆ ಜನಸಂದಣಿಯನ್ನು ಲೀಗಿನ ಸರಾಸರಿಗೆ ಒಂದು ರಾತ್ರಿಯ ಮಟ್ಟಿಗೆ ಹತ್ತಿರ ಬಂದದ್ದು ಎಂದು ಲೇವಡಿ ಮಾಡಿದರು.

ಫಿಶರ್ ಅವರನ್ನು ಬೈದು ಈ ಅಂಕಣ ಮುಗಿಸಬಹುದಿತ್ತು. ಓಕ್ಲೆಂಡ್ ಅದನ್ನು ನನಗಿಂತ ಚೆನ್ನಾಗಿಯೇ ಮಾಡಿದೆ. ಆದರೆ ಒಬ್ಬ ಮಾಲೀಕನ ಬೆದರಿಕೆಗೆ ಬೆಲೆ ಬರುವುದು ಅವನಿಂದಲ್ಲ. ಬೇಸ್‌ಬಾಲ್ ಲೀಗಿನಲ್ಲಿ ಇರುವುದು 30 ತಂಡ. ತಂಡ ಬೇಕೆನ್ನುವ, ಸಾಕಬಲ್ಲ ಊರುಗಳು ಅದಕ್ಕಿಂತ ಹೆಚ್ಚು. ಆ ಅಂತರವನ್ನು ಲೀಗ್ ಬೇಕೆಂದೇ ಉಳಿಸಿಕೊಳ್ಳುತ್ತದೆ. ಖಾಲಿ ಇರುವ ಒಂದು ಊರು ಸಾಕು, ತಂಡವಿರುವ ಹತ್ತು ಊರುಗಳನ್ನು ಹೆದರಿಸಲು. ಅಮೆರಿಕನ್ ಫುಟ್‌ಬಾಲಿನ ಲೀಗ್ ಎನ್‌ಎಫ್‌ಎಲ್ 1995ರಿಂದ ಎರಡು ದಶಕ ಲಾಸ್ ಏಂಜಲಿಸ್‌ನಂಥ ಮಹಾನಗರವನ್ನೇ ತಂಡವಿಲ್ಲದೆ ಇಟ್ಟಿತು. ಆ ಅವಧಿಯಲ್ಲಿ ಹೊಸ ಸ್ಟೇಡಿಯಂ ಬೇಕಾದ ಮಾಲೀಕರೆಲ್ಲ ತೋರಿಸುತ್ತಿದ್ದದ್ದು ಅದೇ ಊರನ್ನು.

ಬೇಸ್‌ಬಾಲ್‌ಗೆ ಅಂಥ ಖಾಲಿ ಊರಾಗಿದ್ದದ್ದು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್. ತಂಡವೇ ಇಲ್ಲದೆ ಜನರ ದುಡ್ಡಿನಲ್ಲಿ ಗುಮ್ಮಟದ ಸ್ಟೇಡಿಯಂ ಕಟ್ಟಲು ಹೊರಟ ಊರು ಅದು. ಶಿಕಾಗೊದ ವೈಟ್ ಸಾಕ್ಸ್ ಮಾಲೀಕರು ಅಲ್ಲಿಗೆ ಹೋಗುತ್ತೇವೆ ಎಂದರು. 1988ರ ಜೂನ್ 30ರ ರಾತ್ರಿ ಇಲಿನಾಯ್ ಶಾಸನಸಭೆಯಲ್ಲಿ ಹೊಸ ಸ್ಟೇಡಿಯಂಗೆ ಹಣ ಕೊಡುವ ಮಸೂದೆ. ನಡುರಾತ್ರಿ ದಾಟಿದರೆ ಸರಳ ಬಹುಮತ ಸಾಲದು. ರಾಜ್ಯಪಾಲ ಜಿಮ್ ಥಾಂಪ್ಸನ್ ಸದನದೊಳಗೇ ಓಡಾಡಿ ಒಬ್ಬೊಬ್ಬ ಸದಸ್ಯನ ಕೈಹಿಡಿದು ಮತ ಕೇಳಿದರು. (ನಮ್ಮ ರಾಜ್ಯಪಾಲರಲ್ಲ, ಅಲ್ಲಿ ರಾಜ್ಯಪಾಲರೆಂದರೆ ಚುನಾವಣೆ ಗೆದ್ದು ಬಂದ ಆಡಳಿತದ ಮುಖ್ಯಸ್ಥ.) ಮತ ಎಣಿಕೆಯಾದಾಗ ಹನ್ನೆರಡು ದಾಟಿತ್ತು. ಸದನದ ಗಡಿಯಾರ ಮಾತ್ರ ನಿಂತುಬಿಟ್ಟಿತ್ತು. ದಾಖಲೆಯಲ್ಲಿ 11:59. ಶಿಕಾಗೊಗೆ ತಂಡ ಉಳಿಯಿತು, ಸ್ಟೇಡಿಯಂ ಸಿಕ್ಕಿತು. ಸೇಂಟ್ ಪೀಟರ್ಸ್‌ಬರ್ಗ್‌ನ ಗುಮ್ಮಟ 1990ರಲ್ಲಿ ಬಾಗಿಲು ತೆರೆದು, ಬೇಸ್‌ಬಾಲ್ ತಂಡ ಬರಲಿ ಎಂದು 1998ರವರೆಗೆ ಕಾಯಿತು. ಕೊನೆಗೆ ಬಂದ ತಂಡವೇ ರೇಸ್, ಓಕ್ಲೆಂಡಿನಲ್ಲಿ ಆ ಮಂಗಳವಾರ ಎದುರಾಳಿಯಾಗಿದ್ದವರು.

ಬೇರೆ ವ್ಯಾಪಾರದಲ್ಲಿ ಹೀಗೆ ಕೂಟ ಕಟ್ಟಿಕೊಂಡರೆ ಸ್ಪರ್ಧಾ ಕಾನೂನು ಬಿಡುವುದಿಲ್ಲ. ಬೇಸ್‌ಬಾಲ್‌ಗೆ 1922ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ವಿನಾಯಿತಿ ಕೊಟ್ಟಿದೆ. ಅದರ ರುಚಿಯನ್ನು ಅಥ್ಲೆಟಿಕ್ಸ್ ತಾನೂ ಉಂಡಿದೆ: ಓಕ್ಲೆಂಡಿನಿಂದ ಒಂದು ಗಂಟೆ ದೂರದ ಸ್ಯಾನ್ ಹೋಸೆಗೆ ಹೋಗಲು ಹೊರಟಾಗ ಆ ಪ್ರದೇಶ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಹಕ್ಕಿನದೆಂದು ಲೀಗ್ ತಡೆಯಿತು. ಸ್ಯಾನ್ ಹೋಸೆ ನಗರ ಕೋರ್ಟಿಗೆ ಹೋಗಿ ಸೋತಿತು. ಅತ್ತ ಜೈಂಟ್ಸ್ ತಂಡಕ್ಕೆ ಸಾರ್ವಜನಿಕ ಹಣ ಕೊಡುವುದಿಲ್ಲ ಎಂದು ಆ ಸುತ್ತಿನ ಮತದಾರರು ನಾಲ್ಕು ಸಲ ಹೇಳಿದ್ದರು. 2000ದಲ್ಲಿ ತಂಡ ಖಾಸಗಿ ಹಣದಲ್ಲೇ ದಂಡೆಯ ಮೇಲೆ ಸ್ಟೇಡಿಯಂ ಕಟ್ಟಿಕೊಂಡಿತು. ಬೇಸ್‌ಬಾಲ್‌ನ ಅತಿ ಚಂದದ ಮೈದಾನಗಳಲ್ಲಿ ಅದೂ ಒಂದು. ಕೊಡದಿದ್ದರೆ ಆಟವೇ ನಡೆಯುವುದಿಲ್ಲ ಎನ್ನುವವರು ಕೊಲ್ಲಿ ದಾಟಿ ನೋಡಬೇಕು.

ಸ್ಟೇಡಿಯಂಗಳಿಗೆ ದುಡ್ಡು ಬರುವ ದಾರಿ ಇನ್ನೂ ಸೋಜಿಗದ್ದು. ನಗರಸಭೆ ಬಾಂಡ್ ಮೂಲಕ ಸಾಲ ಎತ್ತಿದರೆ ಅದರ ಬಡ್ಡಿಗೆ ಅಮೆರಿಕದಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ಸಾಲ ಅಗ್ಗ. ಸ್ಟೇಡಿಯಂಗಳಿಗೆ ಈ ಸೌಲಭ್ಯ ತಪ್ಪಿಸಲೆಂದು 1986ರಲ್ಲಿ ಕಾನೂನು ತಿದ್ದಿದರು: ಸಾಲದ ಕಂತಿನಲ್ಲಿ ಸ್ಟೇಡಿಯಂನ ಆದಾಯದಿಂದ ಬರುವ ಪಾಲು ಶೇ 10 ಮೀರಿದರೆ ವಿನಾಯಿತಿ ಇಲ್ಲ. ತಂಡ ಹೆಚ್ಚು ಕಟ್ಟಬೇಕಾಗುತ್ತದೆ, ಆಗ ಊರುಗಳು ಹಿಂದೆ ಸರಿಯುತ್ತವೆ ಎಂಬ ಎಣಿಕೆ. ಊರುಗಳು ವಿನಾಯಿತಿ ಉಳಿಸಿಕೊಳ್ಳಲು ತಂಡದ ಪಾಲನ್ನೇ ಇಳಿಸಿ, ಉಳಿದದ್ದನ್ನು ತೆರಿಗೆದಾರರ ಮೇಲೆ ಹೊರಿಸಿದವು. 2000ದಿಂದೀಚೆಗೆ ಹೀಗೆ ಕೇಂದ್ರ ಬೊಕ್ಕಸಕ್ಕೆ ತಪ್ಪಿದ ತೆರಿಗೆ 320 ಕೋಟಿ ಡಾಲರ್ ಎಂದು ಬ್ರೂಕಿಂಗ್ಸ್ ಸಂಸ್ಥೆ 2016ರಲ್ಲಿ ಅಂದಾಜಿಸಿತು. ಸ್ಟೇಡಿಯಂನಿಂದ ಊರಿನ ಆದಾಯ ಏರುತ್ತದೆ ಎಂಬ ವಾದಕ್ಕೆ ಅರ್ಥಶಾಸ್ತ್ರಜ್ಞರು ಸೊಪ್ಪು ಹಾಕುವುದನ್ನು ಬಿಟ್ಟು ದಶಕಗಳಾದವು. ಅಲ್ಲಿ ಖರ್ಚಾಗುವ ದುಡ್ಡು ಪಕ್ಕದ ಬೀದಿಯ ಹೋಟೆಲು, ಸಿನಿಮಾಗಳಿಗೆ ಹೋಗಬೇಕಿದ್ದದ್ದೇ.

ತಂಡ ಊರು ಬಿಡುವುದು ಇಂಗ್ಲೆಂಡಿನಲ್ಲೂ ಒಮ್ಮೆ ಆಯಿತು. ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಒಪ್ಪಿಗೆ ಸಿಕ್ಕಾಗ 2002ರಲ್ಲಿ ಅಭಿಮಾನಿಗಳೇ ಎಎಫ್‌ಸಿ ವಿಂಬಲ್ಡನ್ ಕಟ್ಟಿ ಒಂಬತ್ತನೇ ಹಂತದಿಂದ ಆಡಲು ಶುರುಮಾಡಿದರು. ಗೆದ್ದವರು ಮೇಲೇರುವ, ಸೋತವರು ಕೆಳಗಿಳಿಯುವ ಪದ್ಧತಿ ಅಲ್ಲಿದೆ. 2011ರ ಹೊತ್ತಿಗೆ ವೃತ್ತಿಪರ ಫುಟ್‌ಬಾಲ್ ಲೀಗ್ ಮುಟ್ಟಿದರು. ಓಕ್ಲೆಂಡಿನಲ್ಲೂ ಬಾಲರ್ಸ್ ಎಂಬ ಬೇಸ್‌ಬಾಲ್ ತಂಡ ಹುಟ್ಟಿದೆ. ರೈಮೊಂಡಿ ಪಾರ್ಕ್‌ನಲ್ಲಿ ಆಡುತ್ತದೆ, ಅಭಿಮಾನಿಗಳು ಷೇರು ಕೊಂಡಿದ್ದಾರೆ, ಎರಡನೇ ವರ್ಷಕ್ಕೇ, 2025ರಲ್ಲಿ, ಪಯನೀರ್ ಲೀಗ್ ಗೆದ್ದಿತು. ಇನ್ನು ನೂರು ವರ್ಷ ಗೆದ್ದರೂ ಅದು ಮೇಜರ್ ಲೀಗಿಗೆ ಏರಲಾರದು. ಏಣಿಯೇ ಇಲ್ಲ.

ನಮ್ಮಲ್ಲೂ ಹೀಗಾಗುತ್ತದೆಯೇ ಎಂಬ ಬೆಂಗಳೂರಿನ ಓದುಗರ ಪ್ರಶ್ನೆ ನನಗೆ ಗೊತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಬಳಿಯ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ಮಹಿಳಾ ವಿಶ್ವಕಪ್ ಪಂದ್ಯಗಳು ಅಲ್ಲಿಂದ ನವಿ ಮುಂಬೈಗೆ ಹೋದವು. ಐಪಿಎಲ್ಲೂ ಹೋಗುತ್ತದಂತೆ ಎಂಬ ಗುಲ್ಲೆದ್ದಿತು. ಬೊಮ್ಮಸಂದ್ರದ ಬಳಿ 80,000 ಆಸನಗಳ ಸ್ಟೇಡಿಯಂ ಕಟ್ಟುವ ಮಾತು ಸರ್ಕಾರದಿಂದ ಬಂತು. ಸುರಕ್ಷತೆ ನಿಜವಾದ ಪ್ರಶ್ನೆ, ಅದನ್ನು ಓಕ್ಲೆಂಡಿನ ನೆಪಗಳ ಸಾಲಿಗೆ ಸೇರಿಸುವುದು ಅನ್ಯಾಯ. ನಮ್ಮಲ್ಲಿ ಫ್ರಾಂಚೈಸಿ ಮಾಲೀಕರು ಸ್ಟೇಡಿಯಂ ಕೊಡದಿದ್ದರೆ ಊರು ಬಿಡುತ್ತೇವೆ ಎಂದು ಬೆದರಿಸುವ ಮಟ್ಟಕ್ಕೆ ಇನ್ನೂ ಬಂದಿಲ್ಲ. ಆದರೆ ಐಪಿಎಲ್‌ನಲ್ಲಿರುವುದೂ ಹತ್ತೇ ತಂಡ, ಖಾಲಿ ಊರುಗಳಿಗೆ ಬರವಿಲ್ಲ. ಕಲ್ಲು ಹಾಕುವ ಮೊದಲು ಕರಾರಿನಲ್ಲಿ ಏನು ಬರೆದಿದೆ, ಬಾಡಿಗೆ ಯಾರು ಎಷ್ಟು ವರ್ಷ ಕಟ್ಟುತ್ತಾರೆ ಎಂದು ಕೇಳುವುದು ಕ್ರಿಕೆಟ್ ದ್ರೋಹವೇನೂ ಅಲ್ಲ.

ಅಥ್ಲೆಟಿಕ್ಸ್ ಒಮ್ಮೆ ಬಿಟ್ಟುಬಂದ ಕನ್ಸಾಸ್ ಸಿಟಿಯಲ್ಲಿ ಈಗ ಹೊಸ ಅಧ್ಯಾಯ. ಆ ಊರು ಎರಡು ರಾಜ್ಯಗಳ ಗಡಿಯ ಮೇಲಿದೆ, ದೊಡ್ಡ ಭಾಗ ಮಿಸ್ಸೂರಿಯಲ್ಲಿ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಜಾಕ್ಸನ್ ಕೌಂಟಿಯ ಮತದಾರರು ರಾಯಲ್ಸ್ ಬೇಸ್‌ಬಾಲ್ ತಂಡಕ್ಕೂ ಚೀಫ್ಸ್ ಫುಟ್‌ಬಾಲ್ ತಂಡಕ್ಕೂ ಸ್ಟೇಡಿಯಂ ತೆರಿಗೆ ಮುಂದುವರಿಸಲು ಒಪ್ಪಲಿಲ್ಲ. ಶೇ 58ರಷ್ಟು ಜನ ಬೇಡ ಎಂದರು. ಎರಡೇ ತಿಂಗಳಲ್ಲಿ ಗಡಿಯಾಚೆಯ ಕನ್ಸಾಸ್ ರಾಜ್ಯ ಸ್ಟೇಡಿಯಂ ವೆಚ್ಚದ ಶೇ 70ರವರೆಗೆ ಬಾಂಡ್ ಹಣ ಕೊಡುವ ಕಾನೂನು ಮಾಡಿತು. 2025ರ ಡಿಸೆಂಬರ್‌ನಲ್ಲಿ ಚೀಫ್ಸ್ ಅತ್ತ ಹೋಗುವುದಾಗಿ ಪ್ರಕಟಿಸಿತು. ಆ ಬಾಂಡ್ ತೀರುವುದು ಮುಖ್ಯವಾಗಿ ಸ್ಟೇಡಿಯಂ ಸುತ್ತಲಿನ ವಹಿವಾಟಿನ ಮಾರಾಟ ತೆರಿಗೆಯಿಂದ. ಮತಗಟ್ಟೆಯಲ್ಲಿ ಬೇಡ ಎಂದ ಜಾಕ್ಸನ್ ಕೌಂಟಿಯ ಅಭಿಮಾನಿ ಇನ್ನು ಕೆಲ ವರ್ಷಗಳಲ್ಲಿ ತನ್ನದೇ ತಂಡದ ಆಟ ನೋಡಲು ಗಡಿ ದಾಟಿ ಕಾರು ಓಡಿಸಬೇಕು. ಅಲ್ಲಿ ಕೊಳ್ಳುವ ಒಂದೊಂದು ಬಿಯರಿನ ಮೇಲೂ ಅವನು ಕಟ್ಟುವ ತೆರಿಗೆ ಕನ್ಸಾಸ್‌ನ ಆ ಸಾಲಕ್ಕೇ ಜಮೆಯಾಗುತ್ತದೆ.