ನೆರಳು ಉಳಿಸಿ, ಉಳಿದದ್ದು ಇಳಿಸಿ

ಕೌಂಟರ್-ಸ್ಟ್ರೈಕ್ 2 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದರ ಹಿಂದಿನ ಆಟವನ್ನು ಹಳೇ ಲ್ಯಾಪ್‌ಟಾಪಿನಲ್ಲೇ ಆರಾಮಾಗಿ ಆಡಿಕೊಂಡಿದ್ದವರಿಗೆ ಅಂದಿನಿಂದ ಒಂದೇ ಕೊರಗು: ಆಟ ಜಗ್ಗುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳಲೇಬೇಕೇ ಎಂದು ಕೇಳಿದವರಿಗೆಲ್ಲ ನಾನು ಹೇಳುವುದಿಷ್ಟೆ, ಮೊದಲು ಒಂದು ಸಂಜೆ ಇರುವುದರ ಮುಂದೆ ಕೂತು ನೋಡಿ.

ಕಳೆದ ತಿಂಗಳು ಅಣ್ಣನ ಮಗ ತನ್ನ ಲ್ಯಾಪ್‌ಟಾಪ್ ಹಿಡಿದು ಬಂದ. "ಚಿಕ್ಕಪ್ಪ, ಶುರುನಲ್ಲಿ ಚೆನ್ನಾಗೇ ಓಡತ್ತೆ. ಇಪ್ಪತ್ತು ನಿಮಿಷ ಆದ್ಮೇಲೆ ಲ್ಯಾಗ್" ಅಂದ. ಹಾಗಾದರೆ ಅದು ಹೆಚ್ಚಾಗಿ ಬಿಸಿಯ ಕಾಟ. ಪ್ರೊಸೆಸರ್ ನೂರು ಡಿಗ್ರಿಯ ಹತ್ತಿರ ಹೋದರೆ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹುಡುಗ ಆಡುತ್ತಿದ್ದುದು ಹಾಸಿಗೆಯ ಮೇಲೆ. ತಳದ ಗಾಳಿಕಿಂಡಿ ಹೊದಿಕೆಯಲ್ಲಿ ಮುಚ್ಚಿಹೋಗುತ್ತಿತ್ತು. ಲ್ಯಾಪ್‌ಟಾಪ್ ಆಫ್ ಮಾಡಿ, ಕಿಂಡಿಯಲ್ಲಿ ಕಂಬಳಿಯ ತುಂಡಿನ ಹಾಗೆ ಕೂತಿದ್ದ ಧೂಳನ್ನು ಮೆತ್ತನೆ ಬ್ರಷ್ಷಿನಲ್ಲಿ ತೆಗೆದೆವು. ಮೇಜಿನ ಮೇಲಿಟ್ಟು ಹಿಂಬದಿಗೆ ಪುಸ್ತಕ ಕೊಟ್ಟು ಎತ್ತರಿಸಿದೆವು, ಚಾರ್ಜರ್ ಸಿಕ್ಕಿಸಿದೆವು. ಬ್ಯಾಟರಿಯ ಮೇಲೆ ಓಡುವಾಗ ಬಹುತೇಕ ಲ್ಯಾಪ್‌ಟಾಪ್‌ಗಳು ಪೂರ್ತಿ ಬಲ ಕೊಡುವುದಿಲ್ಲ. ಅರ್ಧ ಜಗ್ಗಾಟ ಅಲ್ಲಿಗೇ ಹೋಯಿತು.

ಉಳಿದರ್ಧಕ್ಕೆ ಸೆಟ್ಟಿಂಗ್ಸ್. ಮೊದಲು ರೆಸಲ್ಯೂಷನ್. 1920×1080 ಇಟ್ಟರೆ ಪ್ರತಿ ಫ್ರೇಮಿಗೂ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿಗೆ ಬಣ್ಣ ತುಂಬಬೇಕು. 1280×960ಕ್ಕೆ ಇಳಿಸಿದರೆ ಅದು 12 ಲಕ್ಷದ ಆಸುಪಾಸಿಗೆ ಬರುತ್ತದೆ. ವೃತ್ತಿಪರ ಆಟಗಾರರಲ್ಲೇ ಬಹಳ ಮಂದಿ ಆಡುವುದು ಇದರಲ್ಲಿ. ಆಮೇಲೆ ಅಂಚುಗಳನ್ನು ನಯಮಾಡುವ ಎಂಎಸ್‌ಎಎ: 8ರಲ್ಲಿದ್ದರೆ 2ಕ್ಕೆ ತನ್ನಿ, ಪೂರ್ತಿ ತೆಗೆಯಬೇಡಿ. ತೆಗೆದರೆ ದೂರದ ಗೆರೆಗಳೆಲ್ಲ ಮಿನುಗಲು ಶುರುವಾಗಿ ಗುರಿ ಹಿಡಿಯುವ ಕಣ್ಣು ಬೇಗ ದಣಿಯುತ್ತದೆ. ಶೇಡರ್, ಪಾರ್ಟಿಕಲ್ ಎರಡನ್ನೂ ಯೋಚಿಸದೆ 'ಲೋ'ಗೆ ಇಳಿಸಿ.

ಆದರೆ ನೆರಳಿನ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ನೆರಳು ಭಾರ ಹೌದು, ಅದಕ್ಕೇ ಎಲ್ಲರೂ ಮೊದಲು ಅದನ್ನೇ ಕೊಲ್ಲುತ್ತಾರೆ. ಗುಣಮಟ್ಟ ಬೇಕಾದರೆ ಇಳಿಸಿಕೊಳ್ಳಿ. ಡೈನಾಮಿಕ್ ಶ್ಯಾಡೋಸ್ ಮಾತ್ರ 'ಆಲ್'ನಲ್ಲೇ ಇರಲಿ. ಬೆಳಕು ಹಿಂದಿನಿಂದ ಬರುವ ಬಾಗಿಲಲ್ಲಿ ಎದುರಾಳಿ ಕಾಣುವ ಮೊದಲೇ ಅವನ ನೆರಳು ನೆಲದ ಮೇಲೆ ಚಾಚಿಕೊಳ್ಳುತ್ತದೆ. ಆ ಅರೆಕ್ಷಣ ಸಿಕ್ಕವನೇ ಮೊದಲು ಗುಂಡು ಹಾರಿಸುವವನು. ಹತ್ತು ಫ್ರೇಮ್ ಉಳಿಸಲು ಹೋಗಿ ಇದನ್ನು ಕಳೆದುಕೊಳ್ಳುವುದು ನಷ್ಟದ ಬಾಬತ್ತು.

ಇನ್ನೊಂದು, ಎಫ್‌ಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಬರುವ ಫ್ರೇಮುಗಳಲ್ಲಿ, ದೊಡ್ಡ ಸಂಖ್ಯೆಯ ಬೆನ್ನು ಹತ್ತಬೇಡಿ. 60 ಹರ್ಟ್ಸ್ ಪರದೆಯಲ್ಲಿ ಒಂದೊಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಒಮ್ಮೆ 90, ಮರುಕ್ಷಣ 40 ಎಂದು ಏರಿಳಿಯುವ ಆಟಕ್ಕಿಂತ 60ರಲ್ಲಿ ಕದಲದೆ ನಿಂತದ್ದು ಕೈಗೆ ಚೆನ್ನಾಗಿ ಒಗ್ಗುತ್ತದೆ. ಗರಿಷ್ಠ ಎಫ್‌ಪಿಎಸ್‌ಗೆ ಮಿತಿ ಹಾಕಿದರೆ ಬಿಸಿಯೂ ಇಳಿಯುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ 16 ಜಿಬಿಯ ಒಂದೇ ರ‍್ಯಾಮ್ ಕಡ್ಡಿಗಿಂತ 8 ಜಿಬಿಯ ಜೋಡಿ ಲೇಸು, ಏಕೆಂದರೆ ಅಲ್ಲಿ ಗ್ರಾಫಿಕ್ಸೂ ಅದೇ ರ‍್ಯಾಮಿನಿಂದಲೇ ಕುಡಿಯಬೇಕು. ಪಿಂಗ್, ಅಂದರೆ ಸರ್ವರಿಗೆ ಹೋಗಿಬರಲು ಹಿಡಿಯುವ ಸಮಯ, ಏರಿದ್ದರೆ ಮಾತ್ರ ಇವ್ಯಾವುದೂ ಕೆಲಸಕ್ಕೆ ಬಾರದು. ಅದಕ್ಕೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ನೋಡಬೇಕು.

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಒಂದು ಬದಲಿಸಿ, ಹತ್ತು ನಿಮಿಷ ಆಡಿ, ಆಮೇಲೆ ಮುಂದಿನದಕ್ಕೆ ಕೈಹಾಕಿ.