ಹಣೆಗೆ ಕಟ್ಟಿದ ಪಟ್ಟ

ಪಟ್ಟಾಭಿಷೇಕ ಎಂದೊಡನೆ ಕಣ್ಣಿಗೆ ಕಟ್ಟುವುದು ಕಿರೀಟ. ಆದರೆ ಆ ಮಾತಿನೊಳಗೆ ಕಿರೀಟವೇ ಇಲ್ಲ. ಇರುವುದು ಎರಡು: ಹಣೆಗೆ ಬಿಗಿದ ಪಟ್ಟಿ, ತಲೆಗೆ ಎರೆದ ನೀರು.

ಪಟ್ಟ ಮೊದಲಿಗೆ ಬಟ್ಟೆಯ ತುಂಡು. ಗಾಯಕ್ಕೆ ಸುತ್ತುವ ಪಟ್ಟಿ, ಮದುವೆಯ ಪಟ್ಟೆಸೀರೆ ಎಲ್ಲ ಅದರ ನೆಂಟರೇ. ಅರಸರ ಹಣೆ ಸೇರಿದಾಗ ಬಟ್ಟೆ ಹೊನ್ನಾಯಿತು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೆ ಅಳತೆಯೇ ಇದೆ. ನಡುವಿನ ಅಗಲ ಅರಸನಿಗೆ 8 ಅಂಗುಲ, ಪಟ್ಟದರಸಿಗೆ 7, ಯುವರಾಜನಿಗೆ 6, ಸೇನಾಪತಿಗೆ 4, ಮೆಚ್ಚಿ ಕೊಡುವ ಪ್ರಸಾದಪಟ್ಟಕ್ಕೆ 2. ಅರಸನ ಪಟ್ಟಕ್ಕೆ ಐದು ಶಿಖೆ. ಪ್ರಸಾದಪಟ್ಟಕ್ಕೆ ಒಂದೂ ಇಲ್ಲ. ಎದುರಿಗೆ ನಿಂತವನ ಅಂತಸ್ತು ಹಣೆ ನೋಡಿದರೇ ತಿಳಿಯುತ್ತಿತ್ತು.

ಆದ್ದರಿಂದಲೇ ಹಳಗನ್ನಡದಲ್ಲಿ ಪಟ್ಟವನ್ನು ಏರುವುದಕ್ಕಿಂತ ಕಟ್ಟುವುದೇ ಹೆಚ್ಚು: ಪಟ್ಟಂಗಟ್ಟು. ಅದು ಅರಸರಿಗಷ್ಟೇ ಮೀಸಲೂ ಅಲ್ಲ. ಬೆಂಗಳೂರಿನ ಬೇಗೂರು ವೀರಗಲ್ಲನ್ನು ನೋಡಿ. ಯುದ್ಧದಲ್ಲಿ ನಾಗತ್ತರ ಎಂಬ ವೀರ ಮಡಿದ ಸುದ್ದಿ ಕೇಳಿದ ಗಂಗರ ಅರಸ ಎರೆಯಪ, ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ ಊರುಗಳನ್ನು ಕೊಟ್ಟ. ಸತ್ತವನ ಹೆಸರೇ ಬದುಕಿದ್ದವನ ಹಣೆಗೆ ಬಂತು! ಕನ್ನಡ ಶಾಸನಗಳಲ್ಲಿ ನನ್ನನ್ನು ಇಷ್ಟು ತಡೆದು ನಿಲ್ಲಿಸುವ ಸಾಲುಗಳು ಕಡಿಮೆ. ಹೀಗೆ ಕಟ್ಟುವುದು ಕನ್ನಡಕ್ಕಷ್ಟೇ ಸೀಮಿತವಲ್ಲ: ಗ್ರೀಕ್ ಅರಸರ ತಲೆಪಟ್ಟಿಯಾದ ಡಯಾಡೆಮ್ ಕೂಡ ಸುತ್ತಿ ಕಟ್ಟುವ ಕ್ರಿಯೆಯಿಂದಲೇ ಹುಟ್ಟಿದ ಪದ.

ಅರಸರು ಹೋದರೂ ಕಟ್ಟುವುದು ನಿಂತಿಲ್ಲ. ಕಳ್ಳನ ಪಟ್ಟ ಕಟ್ಟಿದರು, ಹುಚ್ಚನ ಪಟ್ಟ ಕಟ್ಟಿದರು ಎನ್ನುತ್ತೇವೆ; ಹಣೆಪಟ್ಟಿ ಹಚ್ಚುತ್ತೇವೆ. 'ಪಟ್ಟ ಅಲಂಕರಿಸಿದರು' ಎಂದು ಬರೆಯುವ ಪತ್ರಿಕಾ ಕನ್ನಡಕ್ಕಿಂತ ಈ ಬೈಗುಳವೇ ಪದದ ಮೂಲಕ್ಕೆ ಹತ್ತಿರ.

ಇನ್ನು ಅಭಿಷೇಕ. ಸಿಚ್ ಎಂಬ ಧಾತುವಿಗೆ ನೀರೆರೆ, ಸಿಂಪಡಿಸು ಎಂದರ್ಥ. ಈ ಅರ್ಧಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಮಗ್ಗುಲಲ್ಲೇ ಬೇರೊಂದು ಬಾಳಿದೆ. ಬೈಲಕುಪ್ಪೆಯಲ್ಲಿ 1963ರಲ್ಲಿ ಪೆನೋರ್ ರಿಂಪೋಚೆ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠವನ್ನು ನಾವು ಗೋಲ್ಡನ್ ಟೆಂಪಲ್ ಎಂದು ಕರೆದು, ಫೋಟೋ ತೆಗೆದು ಬರುತ್ತೇವೆ. ಅಲ್ಲಿನ ಪರಂಪರೆಯಲ್ಲಿ ಗುರು ಕೊಡುವ ತಾಂತ್ರಿಕ ದೀಕ್ಷೆಗೆ ವಾಂಗ್ ಎಂದು ಹೆಸರು. ಸಂಸ್ಕೃತದ ಅಭಿಷೇಕಕ್ಕೆ ಟಿಬೆಟಿನ ಅನುವಾದಕರು ಆರಿಸಿಕೊಂಡ ಪದವದು. ಅರ್ಥ ಅಧಿಕಾರ, ಒಡೆತನ. ನೀರು ಹೆಸರಿನಿಂದ ಜಾರಿತು, ವಿಧಿಯಲ್ಲಿ ಉಳಿಯಿತು. ಕಲಶದ ನೀರಿನ ಜೊತೆಗೆ ಮುಕುಟದ ಅಭಿಷೇಕವೂ ಅದರಲ್ಲುಂಟು. ಲಾಮಾಗಳು ಕೆಲವು ಪೂಜೆಗಳಲ್ಲಿ ಹಣೆಗೆ ಕಟ್ಟಿಕೊಳ್ಳುವ ಮುಕುಟಕ್ಕೆ ಐದು ಎಸಳು, ಐವರು ಬುದ್ಧರಿಗಾಗಿ.

ಅದೇ ತಾಲ್ಲೂಕಿನ ಪಿರಿಯಾಪಟ್ಟಣದ ಹೆಸರಲ್ಲೂ ಪಟ್ಟ ಅಡಗಿದೆಯೇ ಎಂದು ಕೇಳುವವರಿದ್ದಾರೆ. ಇಲ್ಲ, ಅದು ಪಿರಿಯ ಪಟ್ಟಣ, ದೊಡ್ಡ ಊರು. ಪಟ್ಟದ ಹೆಸರು ಹೊತ್ತ ಊರು ಬೇಕಾದವರು ಚಾಲುಕ್ಯರ ಪಟ್ಟದಕಲ್ಲಿಗೆ ಹೋಗಬೇಕು.